ಗಾಜಿಗೆ ಮೂಗು ಬಂದ ವರ್ಷ

ಮೊನ್ನೆ ಅಮ್ಮನ ಕಣ್ಣಿನ ಪೊರೆ ತೆಗೆಸಲು ವೈಟ್‌ಫೀಲ್ಡ್ ರಸ್ತೆಯ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಸೆಕ್ಯೂರಿಟಿಯವನು ಅಮ್ಮನ ಕೈಗೂ ನನ್ನ ಕೈಗೂ ಬಾಟಲಿಯಿಂದ ಸ್ಪಿರಿಟ್ ಹಾಕಿದ. ಕೈ ಉಜ್ಜಿಕೊಳ್ಳುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿದು ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿದ್ದವರು ಒಂದು ಸಲ ಕೆಮ್ಮಿದರು. ಅಮ್ಮ ನನ್ನ ತೋಳು ಹಿಡಿದು, "ಯಾಕೋ ಇಂಗೆ ನಿಂತ್ಬುಟ್ಟೆ?" ಅಂದಳು. ಏನೂ ಇಲ್ಲ ಅಂತ ಅವಳನ್ನು ಒಳಗೆ ಕರೆದುಕೊಂಡು ಹೋದೆ. ಆಮೇಲೆ ಹೊರಗಿನ ಕುರ್ಚಿಯಲ್ಲಿ ಎರಡು ಗಂಟೆ ಕಾದು ಕೂತಾಗ ನಾನು ನೆನೆಸಿಕೊಂಡದ್ದೆಲ್ಲ ಡಾಕ್ಟರ್ ನೀಲಾಂಬಿಕಾ ಮೇಡಂ ಅವರನ್ನು, ಅವರ ಕೈಕೆಳಗೆ ನಾನು ಕಳೆದ ಆ ಒಂದು ವರ್ಷವನ್ನು. ಎರಡು ಸಾವಿರದ ಹತ್ತರ ಆಸುಪಾಸು ಅದು. ನನಗಾಗ ಇಪ್ಪತ್ನಾಲ್ಕು.

ನಮ್ಮದು ದೊಡ್ಡನೆಕ್ಕುಂದಿ. ತಾತ ರಾಗಿ ಬಿತ್ತುತ್ತಿದ್ದ ಜಾಗ ಇಂಡಸ್ಟ್ರಿಯಲ್ ಏರಿಯಾ ಆಗಿ ಎಷ್ಟೋ ಕಾಲವಾಗಿತ್ತು. ಡಿಪ್ಲೊಮಾ ಮುಗಿಸಿ ನಾನು ಸೇರಿದ ಕಾರ್ಖಾನೆ ಮನೆಯಿಂದ ನಡೆದರೆ ಹತ್ತು ನಿಮಿಷ. ಅಲ್ಲಿ ಗಾಜಿಗೆ ಲೇಪ ಹಾಕುತ್ತಿದ್ದರು. ಅಂಗಡಿಗಳಲ್ಲಿ ಐಸ್‌ಕ್ರೀಮ್ ಇಡುವ ಫ್ರೀಜರಿನ ಗಾಜಿನ ಬಾಗಿಲು ನೋಡಿರುತ್ತೀರಿ. ಅದಕ್ಕೆ ಮಂಜು ಹಿಡಿಯಬಾರದು ಅಂದರೆ ಗಾಜು ಸ್ವಲ್ಪ ಬೆಚ್ಚಗಿರಬೇಕು. ಅದಕ್ಕಾಗಿ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಕೂರಿಸಿ ಅದರಲ್ಲಿ ಕರೆಂಟು ಹರಿಸುತ್ತಾರೆ. ತಲೆಗೂದಲನ್ನು ಉದ್ದಕ್ಕೆ ಸಾವಿರ ಸಲ ಸೀಳಿದರೆ ಒಂದು ಎಳೆ ಎಷ್ಟು ದಪ್ಪ ಇರುತ್ತದೋ ಅಷ್ಟು ದಪ್ಪದ ಪದರ.

ಕಾರ್ಖಾನೆಯ ಹಿಂಭಾಗದಲ್ಲಿ ಜನರೇಟರ್ ಪಕ್ಕದ ಒಂದು ಕೋಣೆ ಸಂಶೋಧನಾ ವಿಭಾಗ. ಹೆಸರು ದೊಡ್ಡದು, ಅಲ್ಲಿದ್ದದ್ದು ಮೇಡಂ, ನಾನು, ಮತ್ತೆ ಸ್ಟೀಲ್ ಡ್ರಮ್ಮಿನಂಥ ಒಂದು ಚೇಂಬರ್. ಪಂಪು ಹಾಕಿ ಅದರೊಳಗಿನ ಗಾಳಿಯನ್ನೆಲ್ಲ ಎಳೆದು ಕರೆಂಟು ಕೊಟ್ಟರೆ ಒಳಗೆ ನೇರಳೆ ಬೆಳಕು ಹೊತ್ತಿಕೊಳ್ಳುತ್ತಿತ್ತು. ಆ ಬೆಳಕಿನಲ್ಲಿ ಲೋಹದ ತಟ್ಟೆಯಿಂದ ಕಣಗಳು ಎದ್ದು ಗಾಜಿನ ಮೇಲೆ ಹೋಗಿ ಕೂರುತ್ತಿದ್ದವು. ಪಕ್ಕದ ದಪ್ಪ ಗಾಜಿನ ಕಿಂಡಿಯಿಂದ ಅದನ್ನು ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಮೇಡಂ ಗದಗಿನ ಕಡೆಯವರು. ವಯಸ್ಸು ಐವತ್ತರ ಹತ್ತಿರ. ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ಗಂಡನ ಜೊತೆ ಇದ್ದರು. ಹಣೆಗೆ ವಿಭೂತಿ, ಕಾಟನ್ ಸೀರೆಯ ಮೇಲೆ ಬಿಳಿ ಕೋಟು, ಕಾಲಿಗೆ ಕ್ಯಾನ್ವಾಸ್ ಶೂ. ಬೆಂಗಳೂರಿಗೆ ಬಂದು ಇಪ್ಪತ್ತೈದು ವರ್ಷವಾದರೂ ಅವರ ಮಾತು ಮಾತ್ರ ತುಂಗಭದ್ರೆ ದಾಟಿ ಬಂದಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೂರು ವಾರ ಅವರು ನನ್ನ ಕೈಲಿ ಬರೀ ಗಾಜು ತೊಳೆಸಿದರು. ಡಿಪ್ಲೊಮಾ ಓದಿ ಲೋಟ ತೊಳೆಯೋ ಕೆಲಸ ಸಿಕ್ತು ಅಂತ ಮನೆಯಲ್ಲಿ ಗೊಣಗಿದ್ದೆ. ಆಮೇಲೆ ತಿಳಿಯಿತು, ಆ ಕೆಲಸದಲ್ಲಿ ಮುಕ್ಕಾಲು ಪಾಲು ಗಾಜು ತೊಳೆಯುವುದೇ. ಬೆರಳಿನ ಜಿಡ್ಡು ಒಂದು ಚುಕ್ಕೆ ಉಳಿದರೂ ಪದರ ಅಲ್ಲಿ ಕೂರುವುದಿಲ್ಲ. ನಾನು ಕೆಟ್ಟದಾಗಿ ತೊಳೆದ ದಿನ ಅವರು ಬೈಯುತ್ತಿರಲಿಲ್ಲ, ಪಕ್ಕದಲ್ಲಿ ನಿಂತು ತಾವೂ ತೊಳೆಯುತ್ತಿದ್ದರು. ಅದು ಬೈಗುಳಕ್ಕಿಂತ ಜಾಸ್ತಿ ನಾಟುತ್ತಿತ್ತು.

ಆ ವರ್ಷ ಮೇ ತಿಂಗಳಲ್ಲಿ ಒಂದು ದೂರು ಬಂತು. ಹೊಸಕೋಟೆ ಕಡೆಯ ಒಂದು ಕೋಲ್ಡ್ ಸ್ಟೋರೇಜಿಗೆ ಕಳಿಸಿದ್ದ ನಮ್ಮ ಗಾಜಿನ ಬಾಗಿಲುಗಳು ಕೆಲವು ದಿನ ಇದ್ದಕ್ಕಿದ್ದಂತೆ ಹೆಚ್ಚು ಕರೆಂಟು ಎಳೆದು ಫ್ಯೂಸ್ ಹಾರಿಸುತ್ತಿವೆ ಅಂತ. ಬೇರೆ ಗಾಜು ಕಳಿಸಿ ಕೈತೊಳೆದುಕೊಳ್ಳೋಣ ಅಂದರು ಮಾರಾಟದವರು. ಮೇಡಂ ಒಪ್ಪದೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೊರಟರು. ಒಳಗೆ ಕಾಲಿಟ್ಟ ಕೂಡಲೆ ಕಣ್ಣು ಮೂಗು ಉರಿಯಿತು. ಕೋಣೆಗಳನ್ನು ತಣ್ಣಗಿಡುವ ಅಮೋನಿಯಾ ಗ್ಯಾಸು ಹಳೇ ಪೈಪಿನಿಂದ ಸಣ್ಣಗೆ ಸೋರುತ್ತಿತ್ತು. ಮೇಡಂ ಅಲ್ಲಿನವರನ್ನು ಕೂರಿಸಿಕೊಂಡು ಗ್ಯಾಸು ಸೋರಿದ ದಿನಗಳು ಯಾವುವು, ಫ್ಯೂಸ್ ಹೋದ ದಿನಗಳು ಯಾವುವು ಅಂತ ಕೇಳಿ ಪಕ್ಕಪಕ್ಕ ಬರೆದುಕೊಂಡರು. ಎರಡೂ ಒಂದೇ ದಿನಗಳು, ಅಮೋನಿಯಾ ತಾಕಿದಾಗಲೆಲ್ಲ ಪದರದಲ್ಲಿ ಕರೆಂಟು ಹೆಚ್ಚು ಹರಿದಿತ್ತು. ವಾಪಸ್ ಬರುವಾಗ ಕೆ.ಆರ್. ಪುರಂ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಅವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಗಾಜು ಕೆಟ್ಟಿಲ್ಲೋ ಮುನಿರಾಜು. ಗಾಜಿಗೆ ಮೂಗು ಬಂದೈತಿ" ಅಂದರು.

ಆ ವಾರವೆಲ್ಲ ಅವರು ಓದಿದರು, ಫೋನ್ ಮಾಡಿದರು, ಪರಿಚಯದ ಕಿಡ್ನಿ ವೈದ್ಯರೊಬ್ಬರನ್ನು ಹೋಗಿ ಕಂಡರು. ಬಂದು ನನಗೂ ಅರ್ಥವಾಗುವ ಹಾಗೆ ಹೇಳಿದರು. ಕಿಡ್ನಿ ಕೈಕೊಟ್ಟವರ ರಕ್ತದಲ್ಲಿ ಹೊರಗೆ ಹೋಗಬೇಕಾದ ಕಸ ಉಳಿದುಬಿಡುತ್ತದೆ. ಅದರಲ್ಲಿ ಒಂದಿಷ್ಟು ಅಮೋನಿಯಾ ಆಗಿ ಉಸಿರಿನಲ್ಲಿ ಬರುತ್ತದೆ. ಗಾಜಿನ ಮೇಲಿನ ಪದರವನ್ನು ಇನ್ನೂ ತೆಳುವಾಗಿ, ಇನ್ನೂ ಚುರುಕಾಗಿ ಮಾಡಿದರೆ, ಸೂಜಿ ಚುಚ್ಚದೆ ಬರೀ ಊದಿಸಿಯೇ ಕಿಡ್ನಿಯ ಸ್ಥಿತಿ ತಿಳಿಯಬಹುದಲ್ಲ ಅನ್ನುವುದು ಅವರ ಯೋಚನೆ. ನಮ್ಮ ಎಂ.ಡಿ.ಗೆ ಇದು ಹಿಡಿಸಲಿಲ್ಲ. ಫ್ರೀಜರ್ ಗಾಜು ಮಾಡುವವರಿಗೆ ಯಾರದೋ ಕಿಡ್ನಿ ಯಾಕೆ ಅಂದರಂತೆ. ಕೊನೆಗೆ ಮಾರ್ಚ್‌ವರೆಗೆ ನೋಡಿ, ಅಷ್ಟರೊಳಗೆ ಏನೂ ಆಗದಿದ್ದರೆ ಆ ಕೋಣೆ ಪ್ಯಾಕಿಂಗಿಗೆ ಬೇಕು ಅಂತ ಹೇಳಿ ಕಳಿಸಿದರು.

ಜೂನ್‌ನಲ್ಲಿ ಶುರು ಮಾಡಿದೆವು. ಮಳೆಯೂ ಆಗಲೇ ಶುರುವಾಯಿತು. ಹೆಬ್ಬೆರಳ ಉಗುರಿನಷ್ಟು ಗಾಜಿನ ಚೂರಿನ ಮೇಲೆ ಪದರ ಹಾಕಿ ತಂತಿ ಬೆಸೆಯುತ್ತಿದ್ದೆವು, ಅದನ್ನು ಚಿಪ್ ಅನ್ನುತ್ತಿದ್ದೆವು. ಬಿಸಿಲಿದ್ದ ದಿನ ಅಮೋನಿಯಾ ತೋರಿಸಿದರೆ ಪದರದ ಕರೆಂಟು ಅಳೆಯುವ ಮೀಟರ್ ಸರಿಯಾಗಿ ಏರುತ್ತಿತ್ತು. ಮೋಡ ಕವಿದರೆ ಸಾಕು, ಏನೂ ತೋರಿಸದೆಯೂ ತಾನಾಗಿ ಏರುತ್ತಿತ್ತು. ಗಾಳಿಯ ತೇವವೆಲ್ಲ ಚಿಪ್ಪಿನ ಮೇಲೆ ಕೂರುತ್ತಿತ್ತು. ಮನುಷ್ಯನ ಉಸಿರೇ ಒಂದು ಮಳೆಗಾಲ, ಈ ಮಳೆ ತಾಳದ ಚಿಪ್ಪು ಆ ಮಳೆ ಹೇಗೆ ತಾಳೀತು ಅಂತ ಮೇಡಂ ಮತ್ತೆ ಮತ್ತೆ ಹೇಳುತ್ತಿದ್ದರು. ಹೊರ ವರ್ತುಲ ರಸ್ತೆಯಲ್ಲಿ ನೀರು ನಿಂತ ದಿನಗಳಲ್ಲಿ ಅವರು ಸೀರೆ ಎತ್ತಿ ಕಟ್ಟಿ, ಶೂ ಕೈಯಲ್ಲಿ ಹಿಡಿದು ನಡೆದುಕೊಂಡೇ ಬರುತ್ತಿದ್ದರು. ಬಂದು ಕಾಲು ಒರೆಸಿಕೊಂಡು ಮೊದಲು ನೋಡುತ್ತಿದ್ದದ್ದು ಹಿಂದಿನ ದಿನದ ಚಿಪ್ಪನ್ನು. ಒಂದಾದ ಮೇಲೊಂದು ನಲವತ್ತಕ್ಕೂ ಹೆಚ್ಚು ಚಿಪ್ಪು ಹಾಳಾದವು. ಪ್ರತಿಯೊಂದು ಯಾಕೆ ಹಾಳಾಯಿತು ಅಂತ ಕೋಣೆಯ ದಾಖಲೆ ಪುಸ್ತಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದರು. ನನಗಾದರೆ ಹತ್ತನೆಯದಕ್ಕೇ ಸಾಕಾಗಿತ್ತು.

ಆಗಸ್ಟ್ ನಡುವಿಗೆ ದಾರಿ ಸಿಕ್ಕಿತು. ಗಾಜಿನ ಹಿಂಬದಿಗೆ ಇನ್ನೊಂದು ಪದರ ಹಾಕಿ ಅದರಿಂದ ಚಿಪ್ಪನ್ನು ದೋಸೆ ಕಾವಲಿಯ ಹಾಗೆ ಕಾಯಿಸಿದರೆ ತೇವ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ದಿನ ಜಡಿಮಳೆ ಹಿಡಿದಾಗಲೂ ಮೀಟರ್ ಅಲುಗಲಿಲ್ಲ. ಆ ಸಂಜೆ ಮೇಡಂ ಕ್ಯಾಂಟೀನಿನಿಂದ ಎರಡು ಪ್ಲೇಟ್ ಮಿರ್ಚಿ ತರಿಸಿದರು. ಬೆಂಗಳೂರಿನವರಿಗೆ ಮಿರ್ಚಿ ಮಾಡಾಕ ಬರಂಗಿಲ್ಲ ಅಂತ ಬೈಯುತ್ತಲೇ ಎರಡನ್ನೂ ಅವರೇ ತಿಂದರು.

ಇನ್ನು ಉಸಿರು ಬೇಕಿತ್ತು. ಆ ಕಿಡ್ನಿ ವೈದ್ಯರ ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಾರ್ಡ್ ಇತ್ತು. ಕಿಡ್ನಿ ನಿಂತವರು ವಾರಕ್ಕೆ ಎರಡು ಮೂರು ಸಲ ಬಂದು ಮಷೀನಿನಿಂದ ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ಜಾಗ. ವೈದ್ಯರು ಅನುಮತಿ ಕೊಟ್ಟರು, ರೋಗಿಗಳ ಒಪ್ಪಿಗೆ ಬರೆಸಿಕೊಂಡರು. ಉಸಿರು ತರುವ ಕೆಲಸ ನನ್ನದು. ವಿಶೇಷ ಪ್ಲಾಸ್ಟಿಕ್ಕಿನ ಚೀಲಗಳಿಗೆ ಊದಿಸಿಕೊಂಡು, ಪೆಟ್ಟಿಗೆಯಲ್ಲಿಟ್ಟು, ಸ್ಕೂಟರಿನಲ್ಲಿ ತರುತ್ತಿದ್ದೆ. ವಾರ್ಡಿನ ಬಾಗಿಲಲ್ಲಿ ಸ್ಪಿರಿಟ್ ಬಾಟಲಿ, ಪ್ರತಿ ಹಾಸಿಗೆಯ ಕಾಲ ಬಳಿ ಒಂದು ಬಾಟಲಿ. ಸಿಸ್ಟರ್‌ಗಳು ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುವ ಮೊದಲು ಕೈಗೆ ಹಾಕಿಕೊಂಡು ಉಜ್ಜುತ್ತಿದ್ದರು. ನಾನೂ ಉಜ್ಜುತ್ತಿದ್ದೆ, ರೋಗಿಗಳೂ ಉಜ್ಜುತ್ತಿದ್ದರು.

ಅಲ್ಲಿ ನಾರಾಯಣಪ್ಪ ಅಂತ ಒಬ್ಬರಿದ್ದರು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ತೆಳ್ಳಗಿನ ಆಳು, ಕೈ ತುಂಬ ಸೂಜಿಯ ಗಂಟುಗಳು. ಚೀಲ ಊದಲು ಮೊದಮೊದಲು ಎಲ್ಲರೂ ಹಿಂಜರಿದಾಗ ಅವರೇ ಕೈಚಾಚಿ ತೆಗೆದುಕೊಂಡರು. ಇಡೀ ಸರ್ವೀಸು ವಿಷಲ್ ಊದಿದ್ದೀನಿ, ಇದೇನು ಮಹಾ ಅಂದರು. ಅವರನ್ನು ನೋಡಿ ಮಿಕ್ಕವರೂ ಊದಿದರು. ಪ್ರತಿ ಸಲ ಹೋದಾಗಲೂ ಹಿಂದಿನ ಸಲದ್ದು ಏನು ತೋರಿಸಿತು ಅಂತ ಅವರು ಕೇಳುತ್ತಿದ್ದರು. ನಾನು ಚೆನ್ನಾಗಿ ಬಂತು ಸಾರ್ ಅನ್ನುತ್ತಿದ್ದೆ.

ಚೆನ್ನಾಗಿಯೇ ಬರುತ್ತಿತ್ತು. ಹೋಲಿಸಿ ನೋಡಲು ನಮ್ಮ ಕಾರ್ಖಾನೆಯ ಕೆಲಸಗಾರರ ಉಸಿರನ್ನು ಬೆಳಿಗ್ಗೆ ಟೀಗೆ ಮುಂಚೆ ಶೆಡ್ಡಿನಲ್ಲೇ ಹಿಡಿಯುತ್ತಿದ್ದೆವು. ರೋಗಿಗಳದ್ದೆಲ್ಲ ಮೇಲೆ, ಕೆಲಸಗಾರರದ್ದೆಲ್ಲ ಕೆಳಗೆ. ಕಾಗದದ ಮೇಲೆ ಚುಕ್ಕೆ ಇಟ್ಟರೆ ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ. ಆಯುಧಪೂಜೆಯ ದಿನ ಮೇಡಂ ಚೇಂಬರಿನ ಬಾಗಿಲಿಗೆ ವಿಭೂತಿ ಹಚ್ಚಿದರು. ಕುಂಕುಮ ತಂದವರನ್ನು ಹೊರಗೇ ತಡೆದು, ಒಳಗೊಂದು ಚಿಟಿಕೆ ಬಿದ್ದರೆ ತಿಂಗಳು ಕೆಲಸ ಹಾಳು ಅಂದರು. ಎಂ.ಡಿ. ಸ್ವತಃ ಸಿಹಿ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ವೈದ್ಯಕೀಯ ಉಪಕರಣ ಮಾಡುವ ದೊಡ್ಡ ಕಂಪನಿಯೊಂದಕ್ಕೆ ಚಾರ್ಟು ಕಳಿಸಿದ್ದೀನಿ, ದೀಪಾವಳಿ ಆದ ಮೇಲೆ ಬಂದು ನೋಡುತ್ತಾರಂತೆ ಅಂತ ಹೇಳಿದರು. ನಾನು ಆ ದಿನ ಮನೆಗೆ ಓಡಿಕೊಂಡೇ ಹೋದೆ.

ಆ ಕಂಪನಿಯವರು ಬರುವುದಕ್ಕೆ ಹತ್ತು ದಿನ ಇರುವಾಗ ಹೊಸ ಚೀಲಗಳ ಕಟ್ಟು ಬಂತು. ಒಂದರ ಮುಚ್ಚಳ ಸಡಿಲ ಅನ್ನಿಸಿ, ಸೋರುತ್ತದೆಯೋ ನೋಡೋಣ ಅಂತ ವಾರ್ಡಿನಲ್ಲೇ ನಿಂತು ನಾನೇ ಊದಿದೆ. ಸೋರಲಿಲ್ಲ. ಮಿಕ್ಕವುಗಳ ಜೊತೆ ಅದನ್ನೂ ತಂದೆ. ಕೋಣೆಯಲ್ಲಿ ಒಬ್ಬನೇ ಇದ್ದಾಗ ಸುಮ್ಮನೆ ಅದನ್ನೂ ಚಿಪ್ಪಿಗೆ ಹಿಡಿದೆ. ಮೀಟರ್ ಏರಿತು. ನಿಲ್ಲುತ್ತದೆ ಅಂದುಕೊಂಡೆ, ಇನ್ನೂ ಏರಿತು. ನಾರಾಯಣಪ್ಪನವರ ಚುಕ್ಕೆಯ ಪಕ್ಕಕ್ಕೆ ಹೋಗಿ ನಿಂತಿತು.

ಆ ಚಿಪ್ಪಿನ ಮೇಲೆ ನನಗೆ ಅಷ್ಟು ನಂಬಿಕೆ. ಅದು ತಪ್ಪಿರಬಹುದು ಅಂತ ತಲೆಗೇ ಬರಲಿಲ್ಲ. ನನ್ನ ಕಿಡ್ನಿ ಹೋಗಿದೆ ಅಂತಲೇ ತಿಳಿದುಕೊಂಡೆ. ಯಾರಿಗೂ ಹೇಳಲಿಲ್ಲ. ಮೂರು ದಿನ ಉಪ್ಪು ಮುಟ್ಟಲಿಲ್ಲ, ವಾರ್ಡಿನಲ್ಲಿ ಕೇಳಿದ್ದ ಪಥ್ಯವನ್ನೆಲ್ಲ ಒಬ್ಬನೇ ಶುರು ಮಾಡಿದೆ. ಅಮ್ಮ ಸಾರು ಬಡಿಸಲು ಬಂದರೆ ಬೇಡ ಅನ್ನುತ್ತಿದ್ದೆ. "ಯಾವಳಾದ್ರೂ ಏನಾದ್ರೂ ಅಂದ್ಲೇನೋ?" ಅಂತ ಕೇಳಿದಳು ಅಮ್ಮ. ಅವಳ ಮುಖ ನೋಡಲಾಗದೆ ಎದ್ದು ಹೋದೆ. ಆ ಹಾಸಿಗೆಗಳಲ್ಲಿ ಯಾವುದು ನನ್ನದಾಗಬಹುದು ಅಂತ ವಾರ್ಡಿನಲ್ಲಿ ನಿಂತು ಲೆಕ್ಕ ಹಾಕಿದ್ದೂ ಉಂಟು.

ನಾಲ್ಕನೇ ದಿನ ಧೈರ್ಯ ಮಾಡಿ ಮಾರತ್‌ಹಳ್ಳಿಯ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ಸಂಜೆ ರಿಪೋರ್ಟ್ ಬಂತು. ಎಲ್ಲ ಸರಿಯಾಗಿತ್ತು. ಕೊಟ್ಟ ಹುಡುಗಿಯನ್ನು ಎರಡು ಸಲ ಕೇಳಿದೆ, ಇದು ನನ್ನದೇನಾ ಅಂತ. ಹೊರಗೆ ಬಂದು ಒಂದು ಪ್ಲೇಟ್ ಪಾನಿಪೂರಿ ತಿಂದೆ, ಉಪ್ಪು ಅಷ್ಟು ರುಚಿ ಅಂತ ಆವತ್ತೇ ಗೊತ್ತಾಯಿತು. ಆದರೆ ಸ್ಕೂಟರ್ ಹತ್ತುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ನನಗೇನೂ ಆಗಿಲ್ಲ ಅಂದರೆ, ಚಿಪ್ಪು ಏನನ್ನು ಮೂಸಿತು?

ಮರುದಿನ ಮನೆಯಲ್ಲಿ ಒಂದು ಚೀಲ ಊದಿದೆ, ವಾರ್ಡಿನಲ್ಲಿ ಒಂದು ಊದಿದೆ. ಮನೆಯದ್ದು ಕೆಳಗೆ, ವಾರ್ಡಿನದ್ದು ಮೇಲೆ. ಅದೇ ನಾನು, ಅದೇ ಬಾಯಿ. ಬದಲಾದದ್ದು ಒಂದೇ, ವಾರ್ಡಿನ ಬಾಗಿಲಲ್ಲಿ ಕೈಗೆ ಉಜ್ಜಿಕೊಂಡ ಸ್ಪಿರಿಟ್ಟು. ಕೈಯಿಂದ, ಗಾಳಿಯಿಂದ, ಅದು ಎಲ್ಲರ ಉಸಿರಿನಲ್ಲೂ ಸೇರಿಕೊಳ್ಳುತ್ತಿತ್ತು. ಕೆಲಸಗಾರರ ಉಸಿರು ಹಿಡಿದ ಶೆಡ್ಡಿನಲ್ಲಿ ಸ್ಪಿರಿಟ್ ಇರಲೇ ಇಲ್ಲ.

ಒಪ್ಪಿಕೊಳ್ಳುತ್ತೇನೆ, ಹೇಳದೆ ಇದ್ದುಬಿಡೋಣ ಅಂತ ಒಂದು ದಿನ ಪೂರ್ತಿ ಯೋಚಿಸಿದೆ. ಬರುವವರು ಬರಲಿ, ನೋಡಲಿ, ಒಪ್ಪಂದ ಆಗಲಿ. ಕೋಣೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಮೇಡಂ ಜೂನ್‌ನಿಂದ ಪಟ್ಟ ಪಾಡನ್ನು ನೋಡಿದ್ದವನು ನಾನೊಬ್ಬನೇ. ಅದನ್ನು ನನ್ನ ಬಾಯಿಂದಲೇ ಒಡೆಯುವುದು ಹೇಗೆ? ಆದರೆ ಆ ಮೂರು ದಿನದ ಭಯ ಇನ್ನೂ ಮೈಯಲ್ಲಿತ್ತು.

ಬೆಳಿಗ್ಗೆ ಹೋದೆ. ಎಲ್ಲೋ ವಾಯುಭಾರ ಕುಸಿತ ಅಂತ ಎರಡು ದಿನದಿಂದ ಜಿಟಿಜಿಟಿ ಹಿಡಿದಿತ್ತು. ಮೇಡಂ ಚೇಂಬರಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. "ಮೇಡಂ, ಆಸ್ಪತ್ರೇಲಿ ನಾನೇ ಒಂದು ಚೀಲ ಊದಿದ್ದೆ. ಅದು ಪೇಷೆಂಟ್ ಥರ ತೋರಿಸ್ತು."

ಅವರು ತಟ್ಟನೆ ಎದ್ದು ನಿಂತರು. "ನಿನಗೇನರ ತ್ರಾಸ ಐತೇನು? ರಕ್ತ ತೋರಿಸಿದೇನು?" ಅಂದರು. ನಾನು ರಿಪೋರ್ಟ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿದರು. ಓದಿ ಮುಗಿಸಿ ದೊಡ್ಡದಾಗಿ ಉಸಿರು ಬಿಟ್ಟು ಕೂತರು. ಚಿಪ್ಪಿನ ಮಾತು ಅವರಿಗೆ ಹೊಳೆದದ್ದು ಆಮೇಲೆ. ಇಷ್ಟು ವರ್ಷದ ಮೇಲೂ ಅವರ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ನಡುವಿನ ಒಂದು ನಿಮಿಷವನ್ನು.

ಉಳಿದದ್ದನ್ನೂ ಹೇಳಿದೆ. ಅವರು ಹೋಗಿ ಸ್ಟೋರಿನಿಂದ ಸ್ಪಿರಿಟ್ ತಂದರು. ಎರಡು ಚೀಲ ತೆಗೆದರು. ಒಂದಕ್ಕೆ ಹಾಗೇ ಊದಿದರು. ಆಮೇಲೆ ಕೈಗೆ ಸ್ಪಿರಿಟ್ ಉಜ್ಜಿಕೊಂಡು ಐದು ನಿಮಿಷ ಕೂತು ಎರಡನೆಯದಕ್ಕೆ ಊದಿದರು. ಎರಡನ್ನೂ ತಾವೇ ಚಿಪ್ಪಿಗೆ ಹಿಡಿದರು. ಮೊದಲನೆಯದು ಕೆಳಗೆ, ಎರಡನೆಯದು ರೋಗಿಗಳ ಸಾಲಿಗೆ.

"ಇಷ್ಟ ದಿನ ನಾವು ರೋಗ ಅಳದಿಲ್ಲ ಮುನಿರಾಜು," ಅಂದರು. "ಕೋಣಿ ಅಳದೇವಿ."

ನಾನು ತಲೆ ತಗ್ಗಿಸಿದೆ. ಮೊದಲೇ ನಾನು ಗಮನಿಸಬೇಕಿತ್ತು ಅಂದೆ. ಅವರು ತಲೆಯಾಡಿಸಿದರು. "ನೀ ಯಾಕ ಗಮನಿಸಬೇಕು? ತಪ್ಪು ನಂದು. ಒಂದ ದಿನ ನಾ ಆ ವಾರ್ಡಿಗೆ ಬಂದು ನಿಂತಿದ್ರ ಬಾಗಲದಾಗನ ಮೂಗಿಗೆ ಬಡೀತಿತ್ತು. ಇಲ್ಲೇ ಕುಂತು ಚುಕ್ಕಿ ಇಟಗೋತ ಹೋದೆ." ಹೇಳಿದ ಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ಭುಜ ಒಂದೆರಡು ಸಲ ಅಲುಗಿತು. ನಾನು ಚೀಲಗಳನ್ನು ಮಡಿಸುವ ನೆಪ ಮಾಡಿದೆ. ತಿರುಗಿ ಬಂದಾಗ ಮಾಮೂಲಿನಂತಿದ್ದರು. ಬಾ, ಹೇಳಿ ಬರೋಣು ಅಂದರು.

ಎಂ.ಡಿ. ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ, ಕಾರ್ಖಾನೆ ನಡೆಸುವವರು. ನಾಲ್ಕು ದಿನದಲ್ಲಿ ಜನ ಬರುತ್ತಿದ್ದಾರೆ, ಈಗ ಹೇಗೂ ತೋರಿಸಿಬಿಡಿ, ಕೈಕುಲುಕಿದ ಮೇಲೆ ನಿಧಾನವಾಗಿ ಸರಿ ಮಾಡಿಕೊಳ್ಳಿ ಅಂದರು. ಎಲ್ಲ ಕಡೆಯೂ ಹೀಗೇ ನಡೆಯುವುದು ಅಂತಲೂ ಹೇಳಿದರು. ಮೇಡಂ ದನಿ ಏರಿಸಲಿಲ್ಲ.

"ಸರ, ನಾಳೆ ಇದನ್ನ ಪೇಷೆಂಟಿನ ಮುಂದ ಇಡತಾರ. ಚಲೋ ಇದ್ದಾವಂಗ ಕಿಡ್ನಿ ಹೋಗೈತಿ ಅಂತ ಹೇಳತೈತಿ. ಹೋದಾವಂಗ ಚಲೋ ಐತಿ ಅಂತನೂ ಹೇಳಬಹುದು. ಈ ಹುಡುಗ ಮೂರು ದಿನ ಉಪ್ಪು ಬಿಟ್ಟಿದ್ದ, ಗೊತ್ತೈತೇನು ನಿಮಗ?"

ಉಪ್ಪಿನ ಸಂಗತಿ ಮಾತಿನ ನಡುವೆ ಬಾಯಿತಪ್ಪಿ ಹೇಳಿದ್ದೆ. ಅದನ್ನು ಅವರು ಎತ್ತಿ ಆಡುತ್ತಾರೆ ಅಂದುಕೊಂಡಿರಲಿಲ್ಲ. ಎಂ.ಡಿ. ನನ್ನನ್ನೊಮ್ಮೆ ನೋಡಿ, ನಿಮ್ಮಿಷ್ಟ ಅಂದು ಫೈಲು ಮುಚ್ಚಿದರು.

ಬಂದವರು ಮೂರು ಜನ. ಬರಬೇಡಿ ಅಂತ ಮೇಡಂ ಹೇಳಿ ಕಳಿಸಬಹುದಿತ್ತು, ಹಾಗೆ ಮಾಡಲಿಲ್ಲ. ಬರಮಾಡಿಕೊಂಡು ಚಹಾ ಕೊಟ್ಟು, ಮೊದಲು ಆ ಚೆಂದದ ಚಾರ್ಟು ತೋರಿಸಿದರು. ಅವರಲ್ಲಿ ಹಿರಿಯರೊಬ್ಬರು ಮುಂದೆ ಬಾಗಿ ನೋಡಿದರು. ಇದು ತಪ್ಪು ಅಂದರು ಮೇಡಂ. ಕೈಗೆ ಸ್ಪಿರಿಟ್ ಉಜ್ಜಿಕೊಂಡು ಅವರ ಎದುರೇ ಊದಿ, ಅವರ ಎದುರೇ ತಮ್ಮ ಉಸಿರು ರೋಗಿಯ ಸಾಲಿಗೆ ಏರುವುದನ್ನು ತೋರಿಸಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, ಇದನ್ನು ಕಂಡುಹಿಡಿದವರು ಮುನಿರಾಜು ಅಂತ ಇಂಗ್ಲಿಷಿನಲ್ಲಿ ಹೇಳಿದರು. ಹೆದರಿ ಮೂರು ದಿನ ಒದ್ದಾಡಿದವನು ಅನ್ನಲಿಲ್ಲ, ಸಡಿಲ ಮುಚ್ಚಳದ ಚೀಲ ಊದಿದವನು ಅನ್ನಲಿಲ್ಲ. ಆ ಮೂವರೂ ಮರ್ಯಾದೆಯಿಂದಲೇ ಎದ್ದು ಹೋದರು, ಮತ್ತೆ ಬರಲಿಲ್ಲ. ಹಿರಿಯರು ಮಾತ್ರ ಹೋಗುವಾಗ ನನ್ನ ಕೈ ಕುಲುಕಿದರು.

ನನಗೆ ಅದಕ್ಕಿಂತ ಕಷ್ಟವಾದದ್ದು ನಾರಾಯಣಪ್ಪನವರಿಗೆ ಹೇಳುವುದು. ಮೇಡಂ ತಾವೂ ಬರುವುದಾಗಿ ಹೇಳಿದರು. ಮೊದಲ ಸಲ ವಾರ್ಡಿಗೆ ಬಂದು ಬಾಗಿಲಲ್ಲೇ ನಿಂತು ಒಮ್ಮೆ ಗಾಳಿ ಎಳೆದುಕೊಂಡರು. ಹೋಗಿ ನಾರಾಯಣಪ್ಪನವರ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ನಡೆದದ್ದೆಲ್ಲ ಹೇಳಿದರು. ಮಷೀನಿನಲ್ಲಿ ಅವರ ರಕ್ತ ತಿರುಗುತ್ತಿತ್ತು.

"ಅಂದ್ರೆ ಇಷ್ಟು ದಿನ ನಾನು ಊದಿದ್ದೆಲ್ಲ ಗಾಳಿಗೆ ಹೋಯ್ತು ಅನ್ನಿ," ಅಂದರು ನಾರಾಯಣಪ್ಪ.

"ಹೌದ್ರಿ. ತಪ್ಪು ನಮ್ಮದು," ಅಂದರು ಮೇಡಂ.

ನಾರಾಯಣಪ್ಪ ನನ್ನ ಕಡೆ ತಿರುಗಿ, "ಹೊಸ ಚೀಲ ತಂದಿದೀಯಾ?" ಅಂತ ಕೇಳಿದರು.

ಮತ್ತೆ ಮೊದಲಿನಿಂದ ಶುರುವಾಯಿತು. ಡಿಸೆಂಬರಿನ ಮಂಜು, ಬೆಳಿಗ್ಗೆ ಸ್ಕೂಟರಿನ ಹ್ಯಾಂಡಲ್ ಹಿಡಿಯಲಾಗದಷ್ಟು ಚಳಿ, ಊರಲ್ಲೆಲ್ಲ ಅವರೆಕಾಯಿ ಸೊಗಡು. ಮೇಡಂ ಮಂಗಳವಾರ ಶುಕ್ರವಾರ ತಪ್ಪದೆ ವಾರ್ಡಿಗೆ ಬರುತ್ತಿದ್ದರು. ಸ್ಪಿರಿಟ್ ಇಲ್ಲದ ವರಾಂಡದಲ್ಲಿ, ಬರೀ ಸಾಬೂನಿನಿಂದ ಕೈತೊಳೆಸಿ, ಡಯಾಲಿಸಿಸ್‌ಗೆ ಮುಂಚೆ ಒಂದು ಚೀಲ, ಮುಗಿದ ಮೇಲೆ ಒಂದು ಚೀಲ. ಹೋಲಿಸಲು ರೋಗಿಯ ಜೊತೆ ಬಂದ ಹೆಂಡತಿಯದೋ ಮಗಳದೋ ಉಸಿರು, ಅದೇ ವರಾಂಡದಲ್ಲಿ. ಇತ್ತ ಕೋಣೆಯಲ್ಲಿ ಅವರು ಚಿಪ್ಪನ್ನೇ ಬದಲಾಯಿಸಿದರು. ಒಂದೇ ಗಾಜಿನ ಮೇಲೆ ಎರಡು ಪದರ ಪಕ್ಕಪಕ್ಕ. ಒಂದು ಅಮೋನಿಯಾ, ಸ್ಪಿರಿಟ್ ಎರಡನ್ನೂ ಹಿಡಿಯುವಂಥದು, ಇನ್ನೊಂದು ಸ್ಪಿರಿಟ್ಟಿಗೆ ಮಾತ್ರ ಏಳುವಂಥದು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ನಮಗೆ ಬೇಕಾದ ಅಮೋನಿಯಾ. ಹೇಳಲು ಸುಲಭ, ಎರಡನೆಯ ಪದರ ಕೂರಿಸಲು ಸಂಕ್ರಾಂತಿ ದಾಟಿತು.

ಫೆಬ್ರವರಿಯಲ್ಲಿ ಚಿತ್ರ ಮೂಡಿತು. ಹಿಂದಿನ ಚಾರ್ಟಿನಷ್ಟು ಚೆಂದವಿಲ್ಲ. ಕೆಲವರ ಚುಕ್ಕೆ ಎಲ್ಲೆಲ್ಲೋ ಬಿದ್ದಿತ್ತು, ನಡುವಿನ ಜಾಗದಲ್ಲಿ ಬಸ್ಸಿರಲಿ, ಸೈಕಲ್ಲೂ ಹೋಗುತ್ತಿರಲಿಲ್ಲ. ಆದರೆ ಹೆಚ್ಚಿನವರದ್ದು ಡಯಾಲಿಸಿಸ್‌ಗೆ ಮುಂಚೆ ಮೇಲೆ, ಆದ ಮೇಲೆ ಕೆಳಗೆ. ಜೊತೆಯವರದ್ದು ಯಾವಾಗಲೂ ಕೆಳಗೆ. ಮೇಡಂ ಅದನ್ನು ಎಷ್ಟು ಸಲ ಮತ್ತೆ ಮಾಡಿಸಿದರೋ ಲೆಕ್ಕವಿಲ್ಲ. ಕೊನೆಗೆ ನಾರಾಯಣಪ್ಪನವರ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದು ತೆಗೆದುಕೊಂಡು ಹೋಗಿ ಅವರಿಗೇ ತೋರಿಸಿದರು. ಇದು ನಿಮಗೆ ಈಗಲೇ ಉಪಯೋಗಕ್ಕೆ ಬರುವುದಿಲ್ಲ, ಬರಲು ಇನ್ನೂ ಎಷ್ಟು ವರ್ಷವೋ ಗೊತ್ತಿಲ್ಲ ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು. ನಾರಾಯಣಪ್ಪ ಆ ಏರಿಳಿತದ ಮೇಲೆ ಬೆರಳಾಡಿಸಿ, ಈ ಮಂಗಳವಾರ ಕಾಲು ಊದಿಕೊಂಡಿತ್ತಲ್ಲವಾ, ಅದಕ್ಕೇ ಅವತ್ತು ಇಷ್ಟು ಮೇಲೆ ಅಂತ ತಾವೇ ಓದಿ ಹೇಳಿದರು. ಮೇಡಂ ಅಲ್ಲೇ ಅದನ್ನು ಬರೆದುಕೊಂಡರು.

ಮಾರ್ಚ್ ಬಂತು. ಎಂ.ಡಿ. ಹೇಳಿದಂತೆ ಕೋಣೆ ಪ್ಯಾಕಿಂಗಿಗೆ ಹೋಯಿತು. ಜೋಡಿ ಪದರದ ಚಿಪ್ಪನ್ನು ಮಾತ್ರ ಕಂಪನಿ ಇಟ್ಟುಕೊಂಡಿತು, ಕೋಲ್ಡ್ ಸ್ಟೋರೇಜುಗಳಲ್ಲಿ ಅಮೋನಿಯಾ ಸೋರಿದರೆ ಗಂಟೆ ಬಾರಿಸುವ ಪೆಟ್ಟಿಗೆಗೆ. ಅದು ಈಗಲೂ ಮಾರಾಟವಾಗುತ್ತಿದೆ, ಅದರ ಗುಣಮಟ್ಟ ನೋಡುವ ಕೆಲಸ ನನ್ನದೇ. ಮೇಡಂ ಒಂದು ಕಾಲೇಜಿಗೆ ಪಾಠ ಹೇಳಲು ಹೋದರು. ಉಸಿರಿನ ಕೆಲಸವನ್ನು ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು, ಅದರಲ್ಲಿ ನಾವು ಹೇಗೆ ಮೋಸಹೋದೆವು ಅನ್ನುವುದಕ್ಕೇ ಒಂದು ಪುಟ. ಆ ಪುಟ ತೆಗೆಯಿರಿ ಅಂತ ಪತ್ರಿಕೆಯವರು ಕೇಳಿದರಂತೆ. ತೆಗೆಯಲಿಲ್ಲ. ಅಚ್ಚಾದ ಮೇಲೆ ಬೇರೆ ದೇಶದ ಯಾರೋ ಒಬ್ಬರು, ತಮ್ಮ ಲ್ಯಾಬಿನಲ್ಲೂ ಇದೇ ತಪ್ಪು ಆಗುತ್ತಿತ್ತು, ಆ ಪುಟ ಓದಿ ಗೊತ್ತಾಯಿತು ಅಂತ ಬರೆದರು. ಮೇಡಂ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದ್ದರು.

ಕೋಣೆ ಖಾಲಿ ಮಾಡುವ ಹಿಂದಿನ ದಿನ ಚೇಂಬರ್ ಕೊನೆಯ ಸಲ ಓಡಿತು. ವಾರ್ಡಿನ ವೈದ್ಯರು ಕೆಲಸ ಮುಂದುವರಿಸುತ್ತೇನೆ, ಒಂದು ಚಿಪ್ಪು ಕೊಡಿ ಅಂತ ಕೇಳಿದ್ದರು. ನಾನು ಎಂದಿನಂತೆ ಗಾಜು ತೊಳೆದು ತಂದು ಪಕ್ಕಕ್ಕೆ ನಿಂತೆ. ಮೇಡಂ ಕುರ್ಚಿಯಿಂದ ಏಳಲಿಲ್ಲ. "ಇವತ್ತು ನೀ ಮಾಡು, ನಾ ಕುಂತು ನೋಡತೀನಿ," ಅಂದರು. ಪಂಪು ಹಾಕಿದೆ, ಕಾದೆ, ಕರೆಂಟು ಕೊಟ್ಟೆ, ಎರಡು ಪದರಗಳನ್ನೂ ಕೂರಿಸಿದೆ. ಮಧ್ಯಾಹ್ನ ಚಿಪ್ಪು ಹೊರಗೆ ತೆಗೆದು ಅಳೆದರೆ ಸರಿಯಾಗಿತ್ತು. ಆಗ ಪುಸ್ತಕ ಎಳೆದುಕೊಂಡು ಆ ದಿನದ ಪುಟದಲ್ಲಿ ಬರೆದರು. ಮಾಡಿದವರು ಅನ್ನುವಲ್ಲಿ ನನ್ನ ಹೆಸರು. ಸಹಾಯಕರು ಅನ್ನುವಲ್ಲಿ, ಡಾಕ್ಟರ್ ಅಂತ ಹಾಕದೆ, ನೀಲಾಂಬಿಕಾ ಅಂತಷ್ಟೇ.

ಆ ಶುಕ್ರವಾರ ನಾರಾಯಣಪ್ಪ ವರಾಂಡದಲ್ಲಿ ಕೂತು ಆ ಚಿಪ್ಪಿಗೆ ಊದಿದರು. ಅದು ಅವರ ಉಸಿರನ್ನು ಸರಿಯಾಗಿ ಓದಿತು.